ಮಳೆಯಲ್ಲಿ ಸೈರನ್ ಹಾಕಿಕೊಂಡು ನಿಧಾನವಾಗಿ

ಹೋದ ಭಾನುವಾರ ನನ್ನ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಬ್ಯಾಂಕಿನವನು, ಲೆಕ್ಕದಲ್ಲಿ ಚುರುಕು. ಹೊರಗೆ ಜಿಟಿಜಿಟಿ ಮಳೆ. "ಭಾವ, ಅಪಘಾತದ ಸುದ್ದಿ ಬಂದರೆ ಪೊಲೀಸ್ ಬೈಕಿನಲ್ಲಿ ಸೈರನ್ ಹಾಕಿಕೊಂಡು ನೂರರ ಮೇಲೆ ಓಡಿಸುತ್ತಿದ್ದಿರಲ್ಲವೇ?" ಎಂದು ಕೇಳಿದ. ಮಳೆಗಾಲದಲ್ಲಿ ಹಾಲಿನ ಹುಡುಗರು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು ಎಂದೆ. ಅವನ ಮುಖ ಸಪ್ಪಗಾಯಿತು. ಅವನಿಗೆ ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಜತ್ತ ತಾಲ್ಲೂಕಿನವನು. ಜಿಲ್ಲೆ ಸಾಂಗ್ಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ, ಓದಿದ್ದೂ ಕನ್ನಡ ಶಾಲೆಯಲ್ಲಿ. ಪೊಲೀಸ್ ಭರ್ತಿಯಲ್ಲಿ ಆಯ್ಕೆಯಾಗಿ ಪುಣೆಗೆ ಬಂದೆ. ಹವಾಲ್ದಾರನಾಗಿ ಕಳೆದ ವರ್ಷ ನಿವೃತ್ತನಾದೆ. ನಡುವೆ ಹಲವು ವರ್ಷ ಬೀಟ್ ಮಾರ್ಷಲ್ ಕೆಲಸ, ಅಂದರೆ ಒಂದು ಬೈಕು, ಇಬ್ಬರು ಪೊಲೀಸರು, ಒಂದು ವಾಕಿಟಾಕಿ. ನಮ್ಮ ಸರಹದ್ದಿಗೆ ಬೆಂಗಳೂರು–ಮುಂಬೈ ಹೆದ್ದಾರಿಯ ಒಂದು ತುಂಡು ಸೇರುತ್ತಿತ್ತು. ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಯುತ್ತಲೇ ಹೋಗುವ ರಸ್ತೆ ಅದು. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಮುಂಬೈಗೆ ಹೊರಟ ಲಾರಿ ಚಾಲಕರಿಗೆಲ್ಲ ಅದು ಗೊತ್ತು.

ಪುಣೆಯ ಮಳೆಯ ಬಗ್ಗೆ ಮೊದಲು ಒಂದು ಮಾತು. ಮುಂಬೈಯಲ್ಲಿ ಕೆಲಸ ಮಾಡಿದ ಗೆಳೆಯರು ನಮ್ಮ ಮಳೆಯನ್ನು ನೋಡಿ ನಗುತ್ತಾರೆ. ಅಲ್ಲಿ ಆಕಾಶವೇ ಹರಿದು ಬೀಳುತ್ತದೆ, ಇಲ್ಲಿ ಯಾರೋ ಜರಡಿ ಹಿಡಿದಂತೆ. ಆದರೆ ಬೈಕಿನವನಿಗೆ ಜರಡಿ ಮಳೆಯೇ ಹೆಚ್ಚು ಅಪಾಯ. ಧೋ ಎಂದು ಸುರಿದರೆ ರಸ್ತೆಯ ಎಣ್ಣೆ, ಧೂಳು, ಟೈರಿನ ಕರಿ ಎಲ್ಲ ತೊಳೆದು ಹೋಗುತ್ತವೆ. ಜಿಟಿಜಿಟಿ ಹನಿಗೆ ತೊಳೆಯುವ ಶಕ್ತಿಯಿಲ್ಲ, ಕಲಸುವ ಶಕ್ತಿ ಮಾತ್ರ ಇದೆ. ಹನಿ ಶುರುವಾದ ಮೊದಲ ಅರ್ಧ ಗಂಟೆ ಡಾಂಬರಿನ ಮೇಲೆ ಗಂಜಿ ಬಳಿದಂತಿರುತ್ತದೆ. ಅದರ ಮೇಲೆ ಬಿಳಿ ಪಟ್ಟೆಗಳು, ಮ್ಯಾನ್‌ಹೋಲ್ ಮುಚ್ಚಳಗಳು, ಸೇತುವೆಯ ಕಬ್ಬಿಣದ ಜೋಡುಗಳು. ಇವುಗಳ ಮೇಲೆ ಬೈಕು ನೆಟ್ಟಗೆ ನಿಂತೇ ದಾಟಬೇಕು. ವಾಲಿಸಿದಿರೋ, ಬ್ರೇಕ್ ಮುಟ್ಟಿದಿರೋ, ಕಥೆ ಮುಗಿಯಿತು. ಮುಂದೆ ಲಾರಿ ಹೋಗಿದ್ದರೆ ಅದರ ಚಕ್ರ ನೀರು ಒತ್ತಿ ಬಿಟ್ಟುಹೋದ ಗೆರೆಯಲ್ಲಿ ಹೋಗುವುದು ನನ್ನ ರೂಢಿ. ರಸ್ತೆಯ ಮೇಲೆ ಕಾಮನಬಿಲ್ಲು ಕಂಡರೆ ಅದು ಡೀಸೆಲ್. ಕಣ್ಣಿಗೆ ಕಾಣುವ ಮೊದಲೇ ಹೆಲ್ಮೆಟ್ಟಿನೊಳಗೆ ಅದರ ವಾಸನೆ ಬರುತ್ತದೆ. ಆಗ ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಬೇರೇನೂ ಮಾಡದೆ ದೇವರನ್ನು ನೆನೆಯಬೇಕು.

ಹೊಸ ಬೈಕುಗಳಲ್ಲಿ ಎಬಿಎಸ್ ಇದೆ, ಅಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಏರ್ಪಾಡು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರಿಂದ ಅದು ಕಡ್ಡಾಯ. ನಮಗೆ ಕೊಟ್ಟಿದ್ದು ಅದಕ್ಕಿಂತ ಹಳೆಯದು. ಎಬಿಎಸ್ ಕೆಲಸವನ್ನು ನಮ್ಮ ಕಾಲು, ಬೆರಳುಗಳೇ ಮಾಡಬೇಕಿತ್ತು: ಹಿಂದಿನ ಬ್ರೇಕ್ ತುಸು, ಆಮೇಲೆ ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ, ಕೊನೆಗೆ ಗಟ್ಟಿಯಾಗಿ. ಹಿಂದೆ ಜೋಡಿದಾರ ಕುಳಿತಿರುತ್ತಾನೆ, ಎಂಬತ್ತೈದು ಕಿಲೋ ಆಸಾಮಿ. ನಾನು ಬ್ರೇಕ್ ಹಾಕಿದಾಗಲೆಲ್ಲ ಅವನ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಎನ್ನುತ್ತಿತ್ತು. ಟಕ್ ಶಬ್ದ ಬರದೆ ನಿಲ್ಲಿಸಿದ ದಿನ ನಾನು ಚೆನ್ನಾಗಿ ಓಡಿಸಿದ್ದೇನೆ ಎಂದು ಅರ್ಥ.

ಗಂಬೂಟು ಹಾಕಿದರೆ ಗೇರಿನ ಲಿವರ್ ಕಾಲಿಗೆ ತಿಳಿಯುವುದಿಲ್ಲ. ಹಾಗಾಗಿ ಮಾಮೂಲಿ ಬೂಟು, ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ. 2018ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂದಾಗ ಪರಿಸರಕ್ಕೆ ಒಳ್ಳೆಯದಾಯಿತು, ನನ್ನ ಕಾಲ್ಬೆರಳುಗಳಿಗೆ ಆಗಲಿಲ್ಲ. ವೈಸರಿನ ಒಳಗೆ ಮಂಜು ಕಟ್ಟದಂತೆ ಪಾತ್ರೆ ತೊಳೆಯುವ ಸೋಪನ್ನು ತೆಳುವಾಗಿ ಹಚ್ಚಿ, ಒಣಬಟ್ಟೆಯಿಂದ ಉಜ್ಜಿಡುತ್ತಿದ್ದೆವು.

ಈಗ ನನ್ನ ಭಾವಮೈದುನನ ಲೆಕ್ಕಕ್ಕೆ ಬರುತ್ತೇನೆ. ನಾಲ್ಕು ಕಿಲೋಮೀಟರ್ ದೂರವನ್ನು ಎಂಬತ್ತರಲ್ಲಿ ಹೋದರೆ ಮೂರು ನಿಮಿಷ, ನಲವತ್ತರಲ್ಲಿ ಹೋದರೆ ಆರು. ಉಳಿಯುವುದು ಮೂರು ನಿಮಿಷ. ರಕ್ತ ಸುರಿಯುತ್ತಿರುವವನಿಗೆ ಮೂರು ನಿಮಿಷ ಸಣ್ಣದಲ್ಲ, ಅದನ್ನು ಹಗುರವಾಗಿ ಹೇಳಲಾರೆ. ಆದರೆ ದಾರಿಯಲ್ಲಿ ನಾನೇ ಬಿದ್ದರೆ ಅವನಿಗೆ ಆ ಆರು ನಿಮಿಷವೂ ಸಿಗುವುದಿಲ್ಲ, ಆಂಬುಲೆನ್ಸಿಗೆ ಇನ್ನಿಬ್ಬರು ಗಿರಾಕಿಗಳು ಸಿಗುತ್ತಾರೆ. ಸೈರನ್ನಿನ ಮೇಲೂ ನನಗೆ ದೊಡ್ಡ ನಂಬಿಕೆಯಿಲ್ಲ. ಮಳೆಯಲ್ಲಿ ಕಾರಿನವರು ಗಾಜು ಏರಿಸಿ ಹಾಡು ಹಾಕಿಕೊಂಡಿರುತ್ತಾರೆ. ಕೇಳಿಸಿದಾಗ ಗಾಬರಿಯಾಗಿ, ನಾವು ಎತ್ತ ಹೊರಟಿದ್ದೇವೋ ಅತ್ತಲೇ ಹೊರಳುತ್ತಾರೆ.

2016ರ ಆಷಾಢ. ರಾತ್ರಿ ಹನ್ನೊಂದು ದಾಟಿತ್ತು. ಇಳಿಜಾರಿನಲ್ಲಿ ಲಾರಿ ಮಗುಚಿದೆ ಎಂದು ವಾಕಿಟಾಕಿ ಹೇಳಿತು. ನಾವು ಕೆಳಗೆ, ಸೇತುವೆಯ ಹತ್ತಿರ. ಲಾರಿ ಬಿದ್ದಿದ್ದು ಮುಂಬೈ ಕಡೆಗೆ ಇಳಿಯುವ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಎದುರುಮುಖವಾಗಿ ಏರಿದರೆ ಬೇಗ ತಲುಪಬಹುದಿತ್ತು, ಜೋಡಿದಾರ ಹಾಗೇ ಹೇಳಿದ. ಮೇಲಿನಿಂದ ಬ್ರೇಕ್ ಹಿಡಿಯದ ವಾಹನಗಳು ಇಳಿಯುವ ಕಡೆ, ಮಳೆಯಲ್ಲಿ, ಎದುರಾಗಿ ಏರುವುದಕ್ಕೆ ನಾನು ಒಪ್ಪಲಿಲ್ಲ. ಸಾತಾರಾ ಕಡೆಗೆ ಹೋಗುವ ಎದುರು ರಸ್ತೆಯಲ್ಲಿ ಏರಿ, ಲಾರಿಯ ಎದುರಿಗೆ ಡಿವೈಡರಿನ ಬಳಿ ಅವನನ್ನು ಇಳಿಸಿದೆ. ಟಾರ್ಚು ಅವನ ಕೈಯಲ್ಲಿತ್ತು. ನಾನು ಇನ್ನೂ ಮೇಲೆ ಹೋಗಿ, ಹೊರಳಿಕೊಂಡು, ಇಳಿಯುವ ವಾಹನಗಳ ಜೊತೆಗೇ ಇಳಿದು ಬಂದೆ. ಲಾರಿಗೆ ಇನ್ನೂ ನೂರೈವತ್ತು ಹೆಜ್ಜೆ ಇರುವಾಗಲೇ ಬೈಕನ್ನು ರಸ್ತೆಗೆ ಅಡ್ಡಡ್ಡವಾಗಿ ನಿಲ್ಲಿಸಿ, ದೀಪ ಹಚ್ಚಿಟ್ಟು, ತಡಮಾಡದೆ ಅದರಿಂದ ದೂರ ಸರಿದೆ.

ಇದನ್ನು ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು. ಅಪಘಾತದ ಜಾಗಕ್ಕೆ ಹೋದವನ ಕಣ್ಣು ಗಾಯಾಳುವಿನ ಮೇಲೆ ಇರುತ್ತದೆ, ಬೈಕನ್ನು ಲಾರಿಯ ಪಕ್ಕದಲ್ಲೇ ನಿಲ್ಲಿಸಿ ಓಡುತ್ತಾನೆ. ಹಿಂದಿನಿಂದ ಇನ್ನೊಂದು ಲಾರಿ ಬಂದು ಎಲ್ಲರನ್ನೂ ಸೇರಿಸಿ ಒರೆಸಿಕೊಂಡು ಹೋಗುತ್ತದೆ. ಅದೇ ಇಳಿಜಾರಿನಲ್ಲಿ 2022ರ ನವೆಂಬರ್ 20ರ ರಾತ್ರಿ ಒಂದು ದೊಡ್ಡ ಲಾರಿ ಇಳಿದು ಬಂದ ಹೊಡೆತಕ್ಕೆ ಹತ್ತಾರು ವಾಹನಗಳು ಜಖಂ ಆದವು. ಪತ್ರಿಕೆ ಓದುವವರಿಗೆ ನೆನಪಿರಬಹುದು.

ಆ ರಾತ್ರಿ ಮಗುಚಿದ್ದು ಹಸಿಮೆಣಸಿನಕಾಯಿಯ ಲಾರಿ. ಚೀಲಗಳು ಒಡೆದು, ಕಾಯಿಗಳು ಜಜ್ಜಿಹೋಗಿ, ಮಳೆನೀರಿನ ಜೊತೆ ಇಳಿಜಾರಿನಲ್ಲಿ ಹರಿಯುತ್ತಿದ್ದವು. ಉಸಿರೆಳೆದರೆ ಕೆಮ್ಮು. ಜೋಡಿದಾರನ ಟಾರ್ಚು ಇಸಿದುಕೊಂಡು ನಂಬರ್ ಪ್ಲೇಟಿನ ಮೇಲೆ ಬಿಟ್ಟೆ: ಕೆಎ. ಗಾಯಾಳುವಿನ ಬಳಿಗೆ ಹೋಗುವ ಮೊದಲು ನಾನು ಓದುತ್ತಿದ್ದ ಒಂದೇ ಅಕ್ಷರ ಅದು. ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕೆಂದು ಅದರಿಂದ ತಿಳಿಯುತ್ತದೆ.

ಚಾಲಕ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡು ಬೊಬ್ಬೆ ಹೊಡೆಯುತ್ತಿದ್ದ. ಜನ ಅವನ ತೋಳು ಹಿಡಿದು ಎಳೆಯುತ್ತಿದ್ದರು. ಎಳೆಯಬೇಡಿ ಎಂದು ನಾನು ಅವರಿಗಿಂತ ಜೋರಾಗಿ ಬೊಬ್ಬೆ ಹೊಡೆದೆ. ಕಾಲು ಸ್ಟಿಯರಿಂಗಿನ ಕೆಳಗೆ ಹೂತಿತ್ತು, ಅದನ್ನು ಬಿಡಿಸುವುದು ಅಗ್ನಿಶಾಮಕದವರ ಕೆಲಸ. "ಅಣ್ಣಾ, ನಾನು ಜತ್ತದವನು. ಕಾಲ್ಬೆರಳು ಅಲುಗಾಡಿಸು ನೋಡೋಣ" ಎಂದೆ. ಬೊಬ್ಬೆ ತಟ್ಟನೆ ನಿಂತಿತು. ಬೆರಳು ಅಲುಗಾಡುತ್ತಿದೆ ಎಂದ. ಆಮೇಲೆ, ಕೇಳದೆಯೇ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಸುತ್ತಿದ್ದೆ ಎಂದೂ ಹೇಳಿಬಿಟ್ಟ. ಗೇರಿನಲ್ಲಿದ್ದರೆ ಎಂಜಿನ್ನೇ ಲಾರಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ, ಡ್ರಮ್ ಕಾದು ಕಾದು ಕೊನೆಗೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಅವನು ಅದನ್ನು ಮರಾಠಿಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ನಾನು ತನಿಖೆಯ ಅಧಿಕಾರಿಗೆ ತಿಳಿಸಿದೆ, ತಿಳಿಸಲೇಬೇಕಿತ್ತು. ಆದರೂ ಒಂದು ವಾರ ಊಟ ರುಚಿಸಲಿಲ್ಲ.

ಬೊಬ್ಬೆ ಹೊಡೆಯುವವನಿಗೆ ಉಸಿರಿದೆ. ಸುಮ್ಮನೆ ಕುಳಿತವನನ್ನು ಹುಡುಕಬೇಕು. ಕ್ಲೀನರ್ ಹುಡುಗ ಡಿವೈಡರಿಗೆ ಒರಗಿ ಕುಳಿತಿದ್ದ. ಇಪ್ಪತ್ತೂ ಆಗಿರಲಿಲ್ಲ. ಮೈಮೇಲೆ ಗೀರು ಕೂಡ ಇಲ್ಲವೆಂದು ಯಾರೂ ಅವನ ಕಡೆ ನೋಡಿರಲಿಲ್ಲ. ಕೈ ಮುಟ್ಟಿದೆ, ತಣ್ಣಗೆ. ಮಳೆಗೆ ಎಲ್ಲರ ಕೈಯೂ ತಣ್ಣಗಿರುತ್ತದೆ, ಆದರೆ ಇವನ ನಾಡಿ ಗುಬ್ಬಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಹೊಟ್ಟೆಯ ಎಡಭಾಗ ಮುಟ್ಟಿದರೆ ಮುಖ ಕಿವುಚಿದ. ರಕ್ತ ಒಳಗೇ ಸೋರುತ್ತಿದೆ ಎಂದು ತರಬೇತಿಯಲ್ಲಿ ಕಲಿತದ್ದು ನೆನಪಾಯಿತು. 108ಕ್ಕೆ ಎರಡನೆಯ ಆಂಬುಲೆನ್ಸ್ ಬೇಕು, ಮೊದಲು ಇವನಿಗೆ ಬೇಕು ಎಂದು ಹೇಳಿಸಿದೆ. ಮಲಗಿಸಿ ಕಾಲು ತುಸು ಮೇಲಿಟ್ಟು, ನನ್ನ ರೇನ್‌ಕೋಟ್ ಹೊದಿಸಿದೆ.

"ಸಾಹೇಬರೇ, ನೀರು ಕೊಡಿ" ಎಂದ.

ಶಸ್ತ್ರಕ್ರಿಯೆ ಆಗಬಹುದಾದವನಿಗೆ ನೀರು ಕೊಡುವಂತಿಲ್ಲ. ಕೊಡುವುದಿಲ್ಲ ತಮ್ಮಾ ಎಂದೆ. ಮತ್ತೆ ಕೇಳಿದ. ಹೆಸರು ಕೇಳಿದೆ, ಊರು ಕೇಳಿದೆ, ಊರಿನ ಜಾತ್ರೆ ಯಾವಾಗ ಎಂದು ಕೇಳಿದೆ. ಪ್ರತಿ ಉತ್ತರದ ಕೊನೆಗೆ ನೀರು. ನಮ್ಮ ಕಡೆ ಶತ್ರು ಬಂದರೂ ಮೊದಲು ನೀರು, ಬೆಲ್ಲ. ಏಳೆಂಟು ಸಲ ಕೇಳಿ ಸಾಕಾಗಿ ಅವನು ತಲೆ ಹಿಂದಕ್ಕೆ ಚೆಲ್ಲಿ ಮಳೆಗೆ ಬಾಯಿ ತೆರೆದ. ನಾನು ತಡೆಯಲಿಲ್ಲ. ಆ ಜರಡಿ ಮಳೆಯಲ್ಲಿ ಅವನ ನಾಲಿಗೆಗೆ ಎಷ್ಟು ಹನಿ ಬಿದ್ದಾವು.

ಹಿಂದೆ ನಿಂತಿದ್ದ ಕಾರಿನವರೊಬ್ಬರು ಇಷ್ಟೂ ಹೊತ್ತು ಕೊಡೆ ಹಿಡಿದು ಟಾರ್ಚು ತೋರಿಸಿದರು. ಆಂಬುಲೆನ್ಸ್ ಬಂದ ಕೂಡಲೇ, ಸಾಕ್ಷಿಗೆ ಕರೆಯುತ್ತೀರೇನು ಎಂದು ಅಂಜುತ್ತಲೇ ಕೇಳಿದರು. ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂದು ಸುಪ್ರೀಂ ಕೋರ್ಟ್ ಆ ವರ್ಷದ ಮಾರ್ಚ್‌ನಲ್ಲೇ ಹೇಳಿತ್ತು. ಆಮೇಲೆ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎಂಬ ಕಲಂ ಸೇರಿತು. ಹೆಸರು, ವಿಳಾಸ ಕೊಡಿ ಎಂದು ನಾವು ಒತ್ತಾಯಿಸುವಂತಿಲ್ಲ. ನಾನು ಅವರ ಹೆಸರು ಕೇಳಲಿಲ್ಲ. ಈಗ ಕೇಳಬೇಕಿತ್ತು ಎನಿಸುತ್ತದೆ, ಪಂಚನಾಮೆಗಲ್ಲ.

ಹುಡುಗನ ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ ಎಂಬ ಅಂಗ ಒಡೆದಿತ್ತು. ವೈದ್ಯರು ಅದನ್ನು ತೆಗೆದುಹಾಕಿದರು, ಬದುಕಿದ. ಚಾಲಕನ ಕಾಲು ಉಳಿಯಿತು, ನಡಿಗೆಯಲ್ಲಿ ಸ್ವಲ್ಪ ಕುಂಟು.

ನನ್ನ ಬೈಕು ಮಾತ್ರ ಉಳಿಯಲಿಲ್ಲ. ನಾವು ಹುಡುಗನನ್ನು ಸ್ಟ್ರೆಚರಿಗೆ ಎತ್ತುತ್ತಿದ್ದಾಗ ಮೇಲಿನಿಂದ ಜಾರಿ ಬಂದ ಟೆಂಪೊ ಒಂದು ಅದಕ್ಕೆ ಗುದ್ದಿ, ಅಷ್ಟು ದೂರ ಎಳೆದುಕೊಂಡು ಬಂದು, ನಮಗಿಂತ ಮೇಲೆಯೇ ನಿಂತಿತು. ಟೆಂಪೊದವನಿಗೆ ಏನೂ ಆಗಲಿಲ್ಲ. ಬೈಕನ್ನು ಅಲ್ಲಿ ಯಾಕೆ ನಿಲ್ಲಿಸಿದ್ದು ಎಂದು ಕಚೇರಿಯಿಂದ ಲಿಖಿತ ವಿವರಣೆ ಕೇಳಿದರು. ಅಲ್ಲಿ ನಿಲ್ಲಿಸದಿದ್ದರೆ ಟೆಂಪೊ ನಮ್ಮ ಮೇಲೆ ಬರುತ್ತಿತ್ತು ಎಂದು ಬರೆದೆ. ಕಾಗದ ಮೂರು ಸಲ ಹಿಂದಿರುಗಿತು: ಒಮ್ಮೆ ಮೊಹರಿಲ್ಲವೆಂದು, ಒಮ್ಮೆ ಕನ್ನಡಿಯ ಬೆಲೆ ತಿಳಿಸಿಲ್ಲವೆಂದು, ಮೂರನೆಯ ಸಲ ಕಾರಣವನ್ನೇ ಬರೆಯದೆ.

ನಲವತ್ತು ದಿನ ಗಾಡಿ ವರ್ಕ್‌ಶಾಪಿನ ಮೂಲೆಯಲ್ಲಿ ತಗಡಿನ ಕೆಳಗೆ ನಿಂತಿತ್ತು. ಅಂದು ರಾತ್ರಿ ಮೆಣಸಿನ ನೀರಿನಲ್ಲಿ ತೊಯ್ದ ಕೈಗವಸುಗಳನ್ನು ಪಕ್ಕದ ಪೆಟ್ಟಿಗೆಯೊಳಗೆ ತುರುಕಿ ಬೀಗ ಹಾಕಿದ್ದು ನನಗೆ ಮರೆತೇ ಹೋಗಿತ್ತು. ಮೆಕ್ಯಾನಿಕ್ ಬೀಗ ತೆಗೆದು ಒಳಗೆ ತಲೆ ಬಗ್ಗಿಸಿದವನು ಒಂದರ ಹಿಂದೊಂದು ಒಂಬತ್ತು ಸೀನು ಸೀನಿದ. ಆಮೇಲೆ ಮೂಗು ಒರೆಸಿಕೊಳ್ಳುತ್ತ, ಹವಾಲ್ದಾರ್ ಸಾಹೇಬರು ರಾತ್ರಿ ಪಾಳಿಗೆ ಮಿರ್ಚಿ ಭಜಿ ಕಟ್ಟಿಕೊಂಡು ಹೋಗುತ್ತಿದ್ದರೇ ಎಂದು ನನ್ನ ಜೋಡಿದಾರನನ್ನು ಕೇಳಿದ.