ಯಾವ ಆ್ಯಪ್ ಹಾಕಿಕೊಳ್ಳಲಿ, ಮೇಡಂ?

ಇಳಕಲ್ಲಿನ ಸುತ್ತಮುತ್ತಲ ಶಾಲೆಗಳ ಶಿಕ್ಷಕರು ನನಗೆ ಫೋನ್ ಮಾಡಿ ಹೆಚ್ಚಾಗಿ ಕೇಳುವುದು ಇದನ್ನೇ: "ನಮ್ಮ ತರಗತಿಗೆ ಕಣ್ಣು ಕಾಣದ ಮಗು ಸೇರಿದೆ. ನನಗೆ ವಿಶೇಷ ಶಿಕ್ಷಣದ ತರಬೇತಿ ಆಗಿಲ್ಲ. ಯಾವ ಆ್ಯಪ್ ಹಾಕಿಕೊಳ್ಳಲಿ, ಮೇಡಂ?" ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ಅಂಥ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿ ಇದ್ದಾಳೆ ಎಂಬ ಕಾರಣಕ್ಕೆ ಈ ಪ್ರಶ್ನೆ ನನ್ನವರೆಗೆ ಬರುತ್ತದೆ. ಆ್ಯಪಿನ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಕೇಳುತ್ತೇನೆ: ನಿಮ್ಮ ಹೋದ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಯಾವುದರಲ್ಲಿ ಟೈಪ್ ಮಾಡಿಸಿದಿರಿ?

ಕೇಳಲು ಕಾರಣವಿದೆ. ನಮ್ಮ ಕಡೆ ಎಷ್ಟೋ ಪ್ರಶ್ನೆಪತ್ರಿಕೆಗಳು ಈಗಲೂ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲೇ ತಯಾರಾಗುತ್ತವೆ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ "ತ್ರಿಭುಜ" ಎಂದು ಕಾಣುತ್ತದೆ, ಕಂಪ್ಯೂಟರಿಗೆ ಅಲ್ಲಿರುವುದು ಅರ್ಥವಿಲ್ಲದ ಒಂದಿಷ್ಟು ರೋಮನ್ ಅಕ್ಷರಗಳು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಎಷ್ಟೇ ಒಳ್ಳೆಯದಿರಲಿ, ಅದು ಆ ರೋಮನ್ ಅಕ್ಷರಗಳನ್ನೇ ಓದುತ್ತದೆ. ಮಗು ಪೂರ್ತಿ ಪುಟ ಕೇಳಿಸಿಕೊಂಡರೂ ಅದಕ್ಕೆ ಒಂದು ಪದ ದಕ್ಕುವುದಿಲ್ಲ. ಅದೇ ಪ್ರಶ್ನೆಪತ್ರಿಕೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯುನಿಕೋಡ್‌ನಲ್ಲಿದ್ದರೆ ಸಾಧಾರಣ ಬೆಲೆಯ ಮೊಬೈಲ್ ಕೂಡ ಅದನ್ನು ಕನ್ನಡದಲ್ಲೇ ಓದುತ್ತದೆ.

ಪರೀಕ್ಷಿಸುವುದು ಸುಲಭ. ಕಡತದಿಂದ ಎರಡು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ಕಲಸುಮೇಲೋಗರವಾದರೆ ಅಲ್ಲ. ಹಳೆಯ ಕಡತಗಳನ್ನು ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನುಡಿಯ ಹೊಸ ಆವೃತ್ತಿಗಳಲ್ಲಿ ನೇರವಾಗಿ ಯುನಿಕೋಡ್‌ನಲ್ಲೇ ಟೈಪ್ ಮಾಡಬಹುದು, ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಟಿಪ್ಪಣಿಯ ಪುಟವನ್ನು ಫೋಟೊ ತೆಗೆದು ಗುಂಪಿಗೆ ಹಾಕುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಆ ಮಗುವಿನ ಫೋನಿಗೆ ಅದು ಬರೀ ಒಂದು ಚಿತ್ರ. ಚಿತ್ರದಿಂದ ಕನ್ನಡ ಅಕ್ಷರ ಎತ್ತಿಕೊಡುವ ಸೌಲಭ್ಯ ಗೂಗಲ್ ಡ್ರೈವ್‌ನಲ್ಲಿದೆ, ಆದರೆ ಅದು ಒತ್ತಕ್ಷರಗಳಲ್ಲಿ ಎಡವುತ್ತದೆ. ಶಿಕ್ಷಕರು ಒಮ್ಮೆ ಓದಿ, ತಿದ್ದಿ ಕಳಿಸಲೇಬೇಕು.

ಇನ್ನು ಆ್ಯಪು. ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮೊದಲೇ ಇರುತ್ತದೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಎಂಬಲ್ಲಿ. ಗೂಗಲ್‌ನ ಕನ್ನಡ ಧ್ವನಿಯನ್ನು ಆಯ್ದುಕೊಂಡರೆ ಆಯಿತು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್, ಸ್ವತಃ ಅಂಧರು, 2006ರಲ್ಲಿ ಬರೆಯತೊಡಗಿದ ತಂತ್ರಾಂಶ ಅದು. ಇಂದಿಗೂ ಉಚಿತ. ಮಗುವಿಗೆ ಕಲಿಸುವ ಮೊದಲು ನೀವು ಕಣ್ಣು ಮುಚ್ಚಿಕೊಂಡು ಟಾಕ್‌ಬ್ಯಾಕ್ ಬಳಸಿ ಒಂದು ಸಂದೇಶ ಕಳಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬುದು ನಮಗೇ ಗೊತ್ತಾಗಬೇಕು. ತರಗತಿಯಲ್ಲಿ ಇಯರ್‌ಫೋನ್ ಒಂದೇ ಕಿವಿಗೆ ಇರಲಿ, ಇನ್ನೊಂದು ಕಿವಿ ಪಾಠಕ್ಕೆ ಬೇಕು.

ಇಷ್ಟಾದರೂ ತರಗತಿಯ ಮುಕ್ಕಾಲು ಪಾಲು ನಡೆಯುವುದು ಕಪ್ಪುಹಲಗೆಯ ಮೇಲೆ. ಅದನ್ನು ಓದುವ ಯಂತ್ರ ಶಿಕ್ಷಕರ ಬಾಯಿಯೇ. "ಇದನ್ನು ಇಲ್ಲಿಗೆ ತನ್ನಿ, ಅದನ್ನು ಹೊಡೆದುಹಾಕಿ" ಎನ್ನುವ ಗಣಿತ ಪಾಠ ಕಣ್ಣಿದ್ದವರಿಗೆ ಮಾತ್ರ. "ಎರಡು ಎಕ್ಸ್ ಕೂಡಿಸು ಮೂರು ಭಾಗಿಸು ಐದು" ಎಂದು ಹೇಳಿಕೊಂಡು ಬರೆದರೂ ಸಾಲದು. ಐದರಿಂದ ಭಾಗಿಸಿದ್ದು ಮೂರನ್ನು ಮಾತ್ರವೋ, ಇಡೀ ಪದಪುಂಜವನ್ನೋ? ಹಲಗೆ ನೋಡುವವರಿಗೆ ಗೆರೆಯ ಉದ್ದ ಉತ್ತರ ಹೇಳುತ್ತದೆ. ಕೇಳುವವರಿಗೆ "ಅಂಶದಲ್ಲಿ ಎರಡು ಎಕ್ಸ್ ಕೂಡಿಸು ಮೂರು, ಅಂಶ ಮುಗಿಯಿತು, ಛೇದದಲ್ಲಿ ಐದು" ಎನ್ನಬೇಕು. ಇದು ನಾಲಿಗೆಗೆ ರೂಢಿಯಾಗಲು ಸ್ವಲ್ಪ ಕಾಲ ಹಿಡಿಯುತ್ತದೆ. ರೂಢಿಯಾದ ಮೇಲೆ ಹಿಂದಿನ ಬೆಂಚಿನವರೂ ಭಿನ್ನರಾಶಿಯನ್ನು ಹೀಗೆಯೇ ಓದತೊಡಗುತ್ತಾರೆ. ಯಾವ ತರಬೇತಿಗಿಂತಲೂ ನನ್ನ ಪಾಠವನ್ನು ತಿದ್ದಿದ್ದು ಈ ಒಂದು ಅಭ್ಯಾಸ ಎಂದು ನಂಬಿದ್ದೇನೆ.

ರೇಖಾಗಣಿತಕ್ಕೆ ಬಾಯಿಯೂ ಸಾಲದು, ಬೆರಳು ಬೇಕು. ಆ ವಿದ್ಯಾರ್ಥಿನಿಯ ತಂದೆ ಸೀರೆ ನೇಯುವವರು. ರಟ್ಟಿನ ಮೇಲೆ ದಾರ ಅಂಟಿಸಿ ಆಕೃತಿ ಮಾಡೋಣವೆಂದಾಗ ಅವರು ಮೊದಲು ಹೇಳಿದ್ದು, "ರೇಷ್ಮೆ ಬೇಡ ಅಕ್ಕೋರೇ, ನುಣುಪು, ಬೆರಳಿಗೆ ಸಿಗುವುದಿಲ್ಲ. ಹತ್ತಿಯ ಹುರಿ ಕೊಡುತ್ತೇನೆ" ಎಂದು. ಬಾಹುಗಳಿಗೆ ದಪ್ಪ ಹುರಿ, ಲಂಬಕ್ಕೆ ತೆಳು ದಾರ. ಶೃಂಗಗಳನ್ನು ಗುರುತಿಸಲು ಫೆವಿಕಾಲ್ ತೊಟ್ಟುಗಳು, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒಣಗಿದ ಮೇಲೆ ಅವು ಕಾಳಿನಂತೆ ಬೆರಳಿಗೆ ತಾಕುತ್ತವೆ. ಸರ್ವಸಮ ತ್ರಿಭುಜಗಳ ಪಾಠದ ದಿನ ಆ ಹುಡುಗಿ ಎರಡು ರಟ್ಟಿನ ತುಂಡುಗಳನ್ನು ಒಂದರ ಮೇಲೊಂದಿಟ್ಟು ಅಂಚು ಸವರಿ, "ಒಂದನ್ನು ಮಗುಚಿ ಹಾಕಿದರೆ ಸರಿಯಾಗಿ ಕೂರುತ್ತದೆ" ಎಂದಳು. ಹಲಗೆಯ ಮೇಲಿನ ಚಿತ್ರ ನೋಡುತ್ತಿದ್ದವರಿಗೆ ಅದು ಆಗ ಹೊಳೆದಿರಲಿಲ್ಲ.

ಈ ಹುಡುಗಿಯ ಬಗ್ಗೆ ಊರಿನವರು ಪ್ರೀತಿಯಿಂದಲೇ ಒಂದು ಸಲಹೆ ಕೊಡುತ್ತಾರೆ: ಗದಗಕ್ಕೆ ಕಳಿಸಿ, ಸಂಗೀತ ಕಲಿಯಲಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಮಕ್ಕಳ ಬಾಳು ಕಟ್ಟಿದರು ಎಂಬುದು ನಮ್ಮ ಭಾಗದ ಮನೆಮನೆಗೂ ಗೊತ್ತು. ಆ ನೆನಪಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಈಕೆಗೆ ಇಷ್ಟವಾಗಿರುವುದು ಬೀಜಗಣಿತ. ಕಣ್ಣು ಕಾಣದು ಎಂದ ಮಾತ್ರಕ್ಕೆ ಸಂಗೀತವೇ ದಾರಿ ಎಂದು ನಾವು ಏಕೆ ತೀರ್ಮಾನಿಸಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿದೆ. ಆಯ್ಕೆ ಮಗುವಿನದು. ದಾಖಲಾತಿಗೆ ಬಂದ ತಾಯಿಗೆ "ಇಲ್ಲಿ ಕಷ್ಟವಾಗುತ್ತದೆ ಅಮ್ಮ" ಎಂದು ಹೇಳಿ ಕಳಿಸುವ ಮುನ್ನ ಇದು ನಮಗೆ ನೆನಪಿರಬೇಕು.

ಫೋನ್ ಓದಿ ಹೇಳುತ್ತದಲ್ಲ, ಬ್ರೈಲ್ ಏಕೆ ಎಂದೂ ಕೇಳುತ್ತಾರೆ. ಕಿವಿಯಿಂದ ಮಾತ್ರ ಕಲಿತ ಮಗುವಿಗೆ "ಶ" ಎಲ್ಲಿ, "ಷ" ಎಲ್ಲಿ ಎಂಬುದು ತಿಳಿಯುವುದಿಲ್ಲ. ಬ್ರೈಲ್‌ನಲ್ಲಿ ಒತ್ತಕ್ಷರವೂ ಕೆಳಗಿಳಿಯದೆ ಸಾಲಿನಲ್ಲೇ ಬರುತ್ತದೆ, ಪದ ಹೇಗೆ ಕಟ್ಟಿಕೊಂಡಿದೆ ಎಂಬುದು ಬೆರಳಿಗೆ ಬಿಡಿಬಿಡಿಯಾಗಿ ಸಿಗುತ್ತದೆ. ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳನ್ನು ಎಲ್ಲರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರು ಶಾಲೆಗೆ ಬರುವವರೆಗೆ ಕಾಯಬೇಡಿ, ನೀವೇ ಹೋಗಿ ಕೇಳಿ.

ಕಿವಿ ಕೇಳದ ಮಕ್ಕಳ ವಿಷಯ ಬೇರೆಯೇ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ನಮ್ಮ ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸುತ್ತದೆ. ಗದ್ದಲದ ತರಗತಿಯಲ್ಲಿ ಫೋನ್ ಶಿಕ್ಷಕರ ಹತ್ತಿರವೇ ಇರಬೇಕು, ನಿಧಾನವಾಗಿ ಬಿಡಿಸಿ ಮಾತನಾಡಬೇಕು. ಓದಲು ಬರುವ ಮಗುವಿಗೆ ಅದು ದೊಡ್ಡ ಆಸರೆ. ಹುಟ್ಟಿನಿಂದ ಕೇಳದ, ಯಾವ ಭಾಷೆಯೂ ಇನ್ನೂ ಕೈಗೆ ಸಿಗದ ಮಗುವಿಗೆ ಅದರಿಂದ ಏನೂ ಆಗದು. ಆ ಮಗುವಿಗೆ ಮೊದಲು ಬೇಕಿರುವುದು ಸಂಜ್ಞಾ ಭಾಷೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸಿದ್ಧಪಡಿಸಿದ ನಿಘಂಟಿನ ವಿಡಿಯೊಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಶಿಕ್ಷಕರು ದಿನಕ್ಕೆ ಒಂದೆರಡು ಸಂಜ್ಞೆ ಕಲಿತು ಇಡೀ ತರಗತಿಗೆ ಕಲಿಸಿದರೆ ಆ ಮಗುವಿನೊಡನೆ ಮಾತನಾಡುವವರು ಹೆಚ್ಚುತ್ತಾರೆ. ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳುವುದನ್ನಂತೂ ಬಿಡಲೇಬೇಕು.

ಕೊನೆಗೆ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಎಲ್ಲರಿಗೂ ಮಗು ಹೇಳಿದ ಉತ್ತರವನ್ನು ಬರೆದುಕೊಡುವವರ ನೆನಪಾಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎನ್ನುತ್ತದೆ. ಬರೆದುಕೊಡುವವರೊಂದಿಗೆ ಪಳಗದ ಮಗುವಿಗೆ ಆ ಸಮಯವೂ ಸಾಲದು. ಗಣಿತವನ್ನು ಬಾಯಲ್ಲಿ ಹೇಳಿ ಬರೆಸುವುದು ತಾನೇ ಬರೆಯುವುದಕ್ಕಿಂತ ಬಿಗಿಯಾದ ಕೆಲಸ. ಅಂಶ ಮುಗಿಯಿತು, ಛೇದ ಶುರುವಾಯಿತು ಎಂದು ತರಗತಿಯಲ್ಲಿ ದಿನವೂ ಕೇಳಿದ ಮಗು ಮಾತ್ರ ಹಾಗೆ ಹೇಳಬಲ್ಲದು. ಅದಕ್ಕೇ ನಮ್ಮಲ್ಲಿ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಶನಿವಾರ ಶಾಲೆ ಬಿಟ್ಟ ಮೇಲೆ ಈಕೆಯ ಪಕ್ಕ ಕುಳಿತು, ಹೇಳಿದ್ದನ್ನು ಬರೆದು, ಬರೆದದ್ದನ್ನು ಮತ್ತೆ ಓದಿ ಹೇಳುತ್ತಾಳೆ. ಇದನ್ನು ಜೂನ್‌ನಿಂದಲೇ ಶುರು ಮಾಡಿ. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿಯನ್ನೂ ಆಗಲೇ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿಡಿ.