ಮರ ಇದ್ದ ಜಾಗದಿಂದ ಎರಡು ಬ್ಲಾಕ್

14 ಜನವರಿ 2017, ಶನಿವಾರ. ಮನಾಗುವಾ, ನಿಕರಾಗುವಾದ ರಾಜಧಾನಿ

ಗೆಳತಿಯ ಅಮ್ಮ ಇವತ್ತು ಟ್ಯಾಕ್ಸಿಯವನಿಗೆ ಫೋನಿನಲ್ಲಿ ವಿಳಾಸ ಹೇಳಿದರು. "ಆ ಚಿಕ್ಕ ಮರ ಇತ್ತಲ್ಲ, ಅಲ್ಲಿಂದ ಎರಡು ಬ್ಲಾಕ್ ಸರೋವರಕ್ಕೆ, ಒಂದು ಬ್ಲಾಕ್ ಮೇಲಕ್ಕೆ." ಆ ಮರ ಹೋಗಿ ಎಷ್ಟೋ ಕಾಲವಾಗಿದೆ. ಡ್ರೈವರ್ ಇನ್ನೂ ಹುಡುಗ, ಅವನೂ ಅದನ್ನು ನೋಡಿರಲಿಕ್ಕಿಲ್ಲ. ಆದರೂ ಒಂದು ಪ್ರಶ್ನೆ ಕೇಳದೆ ಸರಿಯಾಗಿ ತಂದು ಬಿಟ್ಟ. ಸರೋವರಕ್ಕೆ ಅಂದರೆ ಉತ್ತರ. ಮೇಲಕ್ಕೆ ಅಂದರೆ ಸೂರ್ಯ ಹುಟ್ಟುವ ಕಡೆ, ಕೆಳಕ್ಕೆ ಅಂದರೆ ಮುಳುಗುವ ಕಡೆ. ಮನೆ ನಂಬರ್ ಅಂತೂ ಕೇಳಲೇಬೇಡಿ.

ಜನವರಿಯಲ್ಲೂ ಈ ಸೆಕೆ! ಹಳೇ ಕೆಥೆಡ್ರಲ್ ಮುಂದಿನ ಚೌಕದಲ್ಲಿ ನೆರಳು ಹುಡುಕಿ ಸಾಕಾಯಿತು. 1972ರ ಡಿಸೆಂಬರ್ 23, ಕ್ರಿಸ್‌ಮಸ್‌ಗೆ ಎರಡೇ ದಿನ, ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಭೂಮಿ ನಡುಗಿತು. ಊರಿನ ನಡುಭಾಗವೇ ಕುಸಿಯಿತು, ಸಾವಿರಾರು ಜನ ಸತ್ತರು. ಕೆಥೆಡ್ರಲ್ ಒಳಗೆ ಬೆಲ್ಜಿಯಂನಿಂದ ತಂದ ಕಬ್ಬಿಣದ ಚೌಕಟ್ಟಿತ್ತು, ಹಾಗಾಗಿ ಬಿರುಕುಬಿಟ್ಟರೂ ನಿಂತಿದೆ. ಒಳಗೆ ಬಿಡುವುದಿಲ್ಲ. ಗೋಪುರದ ಗಡಿಯಾರ ಅವತ್ತೇ ನಿಂತದ್ದು.

ಗೆಳತಿ ಭೂಕಂಪವಾಗಿ ಹತ್ತು ವರ್ಷದ ಮೇಲೆ ಹುಟ್ಟಿದವಳು. ಅಮ್ಮನ ಮನೆ ಇಲ್ಲೇ ಎಲ್ಲೋ ಇತ್ತು ಎಂದು ಹುಲ್ಲು ಬೆಳೆದ ಖಾಲಿ ಜಾಗದ ಕಡೆ ಕೈ ತೋರಿಸಿದಳು. ಪಕ್ಕದಲ್ಲಿ ಒಂದು ಟಾಕೀಸ್, ಎದುರಿಗೆ ಬ್ರೆಡ್ಡಿನ ಅಂಗಡಿ.

"ನೋಡಿದ ಹಾಗೇ ಹೇಳ್ತೀಯಲ್ಲ" ಅಂದೆ.

"ನೋಡಿಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಆ ಬೀದಿಯಲ್ಲಿ ನಡೆಯಬಲ್ಲೆ. ಈಗ ನಾನಿರುವ ಬಡಾವಣೆಯಲ್ಲೇ ದಾರಿ ತಪ್ಪುತ್ತೆ" ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಮೆಜೆಸ್ಟಿಕ್ ಕಥೆ ಹೇಳಿದೆ. ಟಾಕೀಸ್ ಇಲ್ಲ, ಹೆಸರು ಮಾತ್ರ ಇದೆ. ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅವಳು ತಕ್ಷಣ ಕೇಳಿದಳು, "ಅಲ್ಲೂ ಭೂಕಂಪವಾಯಿತಾ?" ಇಲ್ಲಮ್ಮ, ನಾವೇ ಮಾಡಿದ್ದು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸಲು ಹೋಗಲಿಲ್ಲ. ಇಲ್ಲಿ ಒಂದೇ ರಾತ್ರಿಯಲ್ಲಿ ಹೋಯಿತು. ನಮ್ಮಲ್ಲಿ ನೋಡನೋಡುತ್ತಲೇ ಹೋಯಿತು.

ಇಲ್ಲಿಯೂ ಮನುಷ್ಯರು ಮಾಡಿದ್ದು ಕಡಿಮೆಯಲ್ಲ ಅನ್ನಿ. ಹೊರದೇಶಗಳಿಂದ ಬಂದ ನೆರವನ್ನು ಆಗಿನ ಸರ್ವಾಧಿಕಾರಿ ಸೊಮೋಸಾನ ಕಡೆಯವರು ನುಂಗಿದರು. ಅದನ್ನು ಕೇಳಿಯೇ ಪೋರ್ಟೊರಿಕೋದ ಬೇಸ್‌ಬಾಲ್ ಆಟಗಾರ ರೊಬೆರ್ತೊ ಕ್ಲೆಮೆಂತೆ ತಾನೇ ಸಾಮಾನು ತುಂಬಿಸಿಕೊಂಡು ಹೊರಟ. ಡಿಸೆಂಬರ್ 31ರ ರಾತ್ರಿ ವಿಮಾನ ಸಮುದ್ರಕ್ಕೆ ಬಿತ್ತು. ಅವನ ಹೆಸರು ಬಂದರೆ ಅಮ್ಮ ಈಗಲೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರಂತೆ.

ಸಂಜೆ ಕೆಸಿಯೋ ತಿಂದೆವು. ಮೆಕ್ಕೆಜೋಳದ ರೊಟ್ಟಿಯಲ್ಲಿ ಚೀಸ್, ಈರುಳ್ಳಿ, ಮೇಲೆ ಧಾರಾಳ ಕೆನೆ, ಎಲ್ಲಾ ಒಂದು ಪ್ಲಾಸ್ಟಿಕ್ ಚೀಲದೊಳಗೆ. ಚೀಲದ ಮೂಲೆ ಕಚ್ಚಿ ಕೆನೆ ಹೀರಬೇಕು. ಅಂಗಿಯ ಮೇಲೆ ಚೆಲ್ಲಿಕೊಂಡದ್ದೇ ಜಾಸ್ತಿ. ಮಾಂಸವಿಲ್ಲದ ಊಟಕ್ಕೆ ಪರದಾಡುವ ನನ್ನಂಥವರಿಗೆ ಇದೇ ಅಮೃತ, ಇಲ್ಲವೇ ಅನ್ನ-ಕೆಂಪು ಬೀನ್ಸ್ ಕಾಳಿನ ಗಾಯೊ ಪಿಂತೊ.

ಸರೋವರದ ದಡದಲ್ಲಿ ಕತ್ತಲಾಗುತ್ತಿದ್ದಂತೆ ದೊಡ್ಡ ದೊಡ್ಡ ಲೋಹದ ಮರಗಳಿಗೆ ದೀಪ ಹತ್ತಿತು. ಹಳದಿ, ಗುಲಾಬಿ, ನೇರಳೆ. 2013ರಿಂದ ನೆಡುತ್ತಿದ್ದಾರೆ, ಈಗ ನೂರಕ್ಕೂ ಹೆಚ್ಚಿವೆ. ಅಧ್ಯಕ್ಷ ಒರ್ತೆಗಾ ಅವರ ಹೆಂಡತಿ ಮುರಿಯೊ ಅವರ ಆಸೆಯಂತೆ. ಮೊನ್ನೆ ಮಂಗಳವಾರ ಆಕೆ ಉಪಾಧ್ಯಕ್ಷೆಯೂ ಆದರು. ಚೆನ್ನಾಗಿದೆಯಾ ಎಂದು ಕೇಳಿದೆ. ಗೆಳತಿ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ, "ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಕೇಳು" ಅಂದಳು. ಅಷ್ಟಕ್ಕೇ ಮಾತು ಬದಲಿಸಿದಳು. ಬೆಳಿಗ್ಗೆಯಿಂದ ಗಟ್ಟಿಯಾಗಿ ಮಾತಾಡಿದವಳು ಅಲ್ಲಿ ಮಾತ್ರ ಪಿಸುಗುಟ್ಟಿದ್ದು ಯಾಕೋ ಕಾಡುತ್ತಿದೆ.

ನಾಳೆ ಮಟಗಾಲ್ಪಕ್ಕೆ ಹೋಗಬೇಕು. ಅಲ್ಲಿ ಕಾಫಿ ಕೊಯ್ಲು ನಡೆದಿದೆ, ಸಕಲೇಶಪುರದ ಅಣ್ಣನಿಗೆ ಫೋಟೋ ಕಳಿಸದಿದ್ದರೆ ಬೈಗುಳ ಗ್ಯಾರಂಟಿ. ಹೊರಡುವ ಮೊದಲು ಅಮ್ಮನನ್ನು ಒಂದು ಮಾತು ಕೇಳುವ ಆಸೆ. ಇಷ್ಟೆಲ್ಲ ನೆನಪಿಟ್ಟುಕೊಂಡವರು ಆ ಹಳೇ ಬೀದಿಯ ಕಡೆ ಒಮ್ಮೆಯೂ ಯಾಕೆ ಬರುವುದಿಲ್ಲ ಅಂತ. ಇವಳು ಎಷ್ಟು ಕರೆದರೂ ಬರಲಿಲ್ಲವಂತೆ. ಕೇಳಿದರೆ ನೊಂದುಕೊಳ್ಳಬಹುದು. ಅಥವಾ ಸುಮ್ನೆ ಬಿಸಿಲು ಅನ್ನಬಹುದು. ಅದೂ ನಿಜವೇ ಇರಬಹುದು, ಯಾಕೆಂದರೆ ಇಲ್ಲಿನ ಬಿಸಿಲು ಅಂಥದ್ದು.