ಬಂಪರಿನ ಬೆನ್ನು ನೋಡಿದ್ದೀರಾ?

ಹಳೆಯ ಕಾರಿನ ಕ್ರೋಮ್ ಬಂಪರಿನಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಕಂಡರೆ, ಪಾಲಿಶ್ ಡಬ್ಬಿ ತೆಗೆಯುವ ಮೊದಲು ಹಿಂಬದಿಗೆ ಟಾರ್ಚ್ ಹಿಡಿದು ನೋಡಿ. ಎಷ್ಟೋ ಸಲ ತುಕ್ಕು ಆ ಕಡೆಯಿಂದಲೇ ಕೊರೆದುಕೊಂಡು ಬಂದಿರುತ್ತದೆ.

ತುಕ್ಕನ್ನು ನಿಜವಾಗಿ ತಡೆಯುವುದು ಕ್ರೋಮ್ ಅಲ್ಲ, ಅದರಡಿಯ ನಿಕಲ್ ಲೋಹದ ಪದರ. ಮೇಲಿನ ಕ್ರೋಮ್ ಒಂದು ಮೈಕ್ರಾನಿಗಿಂತ ತೆಳು. ಕರೆಂಟು ಹರಿಸಿ ಈ ಪದರಗಳನ್ನು ಕೂರಿಸುವ ಪ್ಲೇಟಿಂಗ್ ತೊಟ್ಟಿಯಲ್ಲಿ ಬಾಗಿದ ತಗಡಿನ ಒಳಮೈಗೆ ಕರೆಂಟು ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಅಲ್ಲಿ ನಿಕಲ್ ಕೂಡ ತೆಳುವಾಗಿಯೇ ಕೂರುತ್ತದೆ. ಸಾಲದ್ದಕ್ಕೆ ಚಕ್ರ ಎರಚಿದ ಕೆಸರು ಮಡಿಚಿದ ಅಂಚಿನಲ್ಲಿ ಸೇರಿಕೊಂಡು ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಬಂಪರನ್ನು ಕಾರಿಗೆ ಹಿಡಿದಿಡುವ ಬ್ರಾಕೆಟ್ ತಗಡಿಗೆ ಒತ್ತಿ ಕೂತ ಜಾಗ ಇನ್ನೂ ಕೆಟ್ಟದ್ದು: ಒಳಗೆ ಇಳಿದ ನೀರು ಆರುವುದೇ ಇಲ್ಲ.

ಆದ್ದರಿಂದ ಬಂಪರ್ ಬಿಚ್ಚಲೇಬೇಕು. ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಗುಂಡುತಲೆಯ ಬೋಲ್ಟಿನ ಚೌಕ ಕುತ್ತಿಗೆ ತುಕ್ಕಿನಿಂದ ಸವೆದಿದ್ದರೆ ನಟ್ಟಿನ ಜೊತೆ ಬೋಲ್ಟೂ ಸುತ್ತುತ್ತದೆ. ಬಲ ಹಾಕಿದರೆ ಕ್ರೋಮ್ ಸುಲಿಯುತ್ತದೆ, ನಟ್ಟನ್ನೇ ಕತ್ತರಿಸಿ. ಬಿಚ್ಚಿದ ಮೇಲೆ ಕತ್ತಲಲ್ಲಿ ಹಿಂದಿನಿಂದ ಬೆಳಕು ಬಿಡಿ. ಮುಂದೆ ಬೆಳಕಿನ ಚುಕ್ಕೆ ಕಂಡರೆ ತಗಡು ತೂತಾಗಿದೆ. ಬೆಸುಗೆ, ಮರುಪ್ಲೇಟಿಂಗ್ ಬಿಟ್ಟರೆ ದಾರಿಯಿಲ್ಲ.

ತೂತಿಲ್ಲದಿದ್ದರೆ ಸೋಪುನೀರಲ್ಲಿ ತೊಳೆದು, ಒಣಗಿಸಿ, ಮುಖಕ್ಕೂ ಅಂಚಿಗೂ ಮಾಸ್ಕಿಂಗ್ ಟೇಪ್ ಹಚ್ಚಿ. ಹಿಂಬದಿಯ ಸಡಿಲ ತುಕ್ಕನ್ನು ವೈರ್ ಬ್ರಷ್ಷಿನಿಂದ ಕೆರೆಯಿರಿ, ಉಳಿದದ್ದನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಹೈಡ್ರೋಕ್ಲೋರಿಕ್ ಆಮ್ಲವಿರುವ ಕ್ಲೀನರ್ ಬೇಡವೇ ಬೇಡ, ಅದು ಕ್ರೋಮನ್ನೇ ಕರಗಿಸುತ್ತದೆ. ಥಿನ್ನರ್ ಬಟ್ಟೆಯಿಂದ ಜಿಡ್ಡು ಒರೆಸಿ ಎಪಾಕ್ಸಿ ಪ್ರೈಮರ್ (ಪೇಂಟಿಗೆ ಮುಂಚಿನ ಅಡಿಲೇಪ) ಎರಡು ಕೋಟು, ಅದರ ಮೇಲೆ ಪೇಂಟು. ಸತುವಿನ ಪ್ರೈಮರ್ ಬಳಸುವುದಾದರೆ ಬರಿಯ ಉಕ್ಕಿನ ಮೇಲೆ ಮಾತ್ರ. ಸತು ತಾನು ಸವೆದು ಉಕ್ಕನ್ನು ಕಾಯಬೇಕಾದರೆ ಎರಡೂ ನೇರವಾಗಿ ತಾಗಿರಬೇಕು. ನಡುವೆ ತುಕ್ಕು ಉಳಿದರೆ ಆ ಕೆಲಸ ನಡೆಯುವುದಿಲ್ಲ.

ಟಾರಿನಂಥ ದಪ್ಪ ಅಂಡರ್‌ಕೋಟಿಂಗ್ ಮೆತ್ತುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಅದು ಗಟ್ಟಿಯಾಗಿ ಬಿರಿದಾಗ ನೀರು ಅಡಿಗೆ ಹೋಗಿ ಕೂರುತ್ತದೆ, ತುಕ್ಕು ಕಣ್ಣಿಗೂ ಬೀಳುವುದಿಲ್ಲ. ಅದರ ಬದಲು ಕ್ಯಾವಿಟಿ ವ್ಯಾಕ್ಸ್, ಅಂದರೆ ಸಂದುಗೊಂದುಗಳಿಗೆ ಹೊಡೆಯುವ ಮೇಣ, ಮೆತ್ತಗೇ ಉಳಿದು ಸಂದುಗಳೊಳಗೆ ಹರಿಯುತ್ತದೆ. ಪೇಂಟು ಪೂರ್ತಿ ಗಟ್ಟಿಯಾದ ಮೇಲೆ ಅದನ್ನು ಹೊಡೆಯಿರಿ. ಬ್ರಾಕೆಟ್ ಕೂರುವ ಜಾಗಕ್ಕೂ ಬೋಲ್ಟಿನ ಕುತ್ತಿಗೆಗೂ ಜೋಡಿಸುವ ಮೊದಲೇ ಹಚ್ಚಿ. ನೀರಿಳಿಯುವ ತೂತುಗಳು ಮುಚ್ಚಿಹೋಗದಂತೆ ಕಡ್ಡಿ ಆಡಿಸಿ ನೋಡಿ. ಮಳೆಗಾಲಕ್ಕೆ ಮುಂಚೆ ಹಿಂಬದಿ ತೊಳೆದು, ಒಣಗಿಸಿ, ವ್ಯಾಕ್ಸ್ ಸವೆದಲ್ಲಿ ಮತ್ತೆ ಹಚ್ಚಿ.